ಸಂಘಕ್ಕೆ ಹೊಸಬರು ಬರಬೇಕಾದರೆ

ಪ್ರತಿ ವರ್ಷವೂ ಬೇಸಗೆಯ ರಜೆ ಮುಗಿದು, ಪಠ್ಯಪುಸ್ತಕಗಳ ಹಂಚಿಕೆಯಾದ ಬಳಿಕ, ಪ್ರೌಢಶಾಲೆಗಳ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಳ್ಳುತ್ತದೆ: ಕನ್ನಡ ಸಂಘದ ಸದಸ್ಯರಾಗಬಯಸುವವರು ತಮ್ಮ ತರಗತಿಯ ಶಿಕ್ಷಕರಲ್ಲಿ ಹೆಸರು ಕೊಡತಕ್ಕದ್ದು. ವಾರದೊಳಗೆ ಪಟ್ಟಿ ತುಂಬುತ್ತದೆ. ಉದ್ಘಾಟನೆಯ ದಿನ ಸಭಾಭವನವೂ ತುಂಬುತ್ತದೆ. ದಸರೆಯ ರಜೆ ಕಳೆಯುವಷ್ಟರಲ್ಲಿ ಸಭೆಗೆ ಬರುವವರು ಹತ್ತು ಹನ್ನೆರಡು ಮಂದಿ. ಅವರಲ್ಲಿ ಮಾತನಾಡುವವರು ನಾಲ್ವರು. ಆ ನಾಲ್ವರೂ ಹಿಂದಿನ ವರ್ಷ ಮಾತನಾಡಿದವರೇ. ವಾರ್ಷಿಕ ವರದಿಯಲ್ಲಿ ಮಾತ್ರ ಸದಸ್ಯರ ಸಂಖ್ಯೆ ಮೊದಲ ದಿನದ್ದೇ ಉಳಿದಿರುತ್ತದೆ.

ಇದು ಯಾವುದೋ ಒಂದು ಶಾಲೆಯ ದೋಷವಲ್ಲ. ಹಲವೆಡೆ ಬೇರೂರಿದ ರೂಢಿ. ಹೊಸ ಸದಸ್ಯರನ್ನು ಸೇರಿಸಿಕೊಳ್ಳುವಲ್ಲಿ ಸಾಮಾನ್ಯವಾಗಿ ಎರಡು ಮಾರ್ಗಗಳಿವೆ. ಹಾಜರಿ ಪುಸ್ತಕದಲ್ಲಿರುವ ಎಲ್ಲರ ಹೆಸರನ್ನೂ ಬರೆದುಕೊಂಡು ವಂತಿಗೆ ವಸೂಲು ಮಾಡುವುದು ಒಂದು. ಹೆಚ್ಚು ಅಂಕ ಪಡೆದ, ಧೈರ್ಯವಾಗಿ ಮಾತನಾಡಬಲ್ಲ ಕೆಲವರನ್ನು ಆರಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಹೆಸರುಗಳು ದೊರೆಯುತ್ತವೆ, ಸದಸ್ಯರು ದೊರೆಯುವುದಿಲ್ಲ. ಎರಡನೆಯದರಿಂದ ಬಹುಮಾನದ ಫಲಕಗಳು ದೊರೆಯುತ್ತವೆ, ಸಂಘ ದೊರೆಯುವುದಿಲ್ಲ. ಮಾತು ಬಲ್ಲವನಿಗೇ ಮತ್ತೆ ಮತ್ತೆ ವೇದಿಕೆ ಕೊಡುವುದು ಉಂಡವನಿಗೇ ಮತ್ತೆ ಎಡೆ ಹಾಕಿದಂತೆ. ಹಸಿದವನು ಹೊಸ್ತಿಲ ಹೊರಗೇ ನಿಂತಿರುತ್ತಾನೆ.

ಕನ್ನಡ ನಾಡಿನಲ್ಲಿ ಸಂಘಗಳು ಹೇಗೆ ಬೆಳೆದವೆಂಬುದನ್ನು ನೆನೆಯುವುದು ಇಲ್ಲಿ ಉಚಿತ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಅದರ ಮುಂದೆ ಕನ್ನಡದ ಏಳಿಗೆಯೆಂಬ ಸ್ಪಷ್ಟವಾದ ಕೆಲಸವಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರತಂದಿತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದವರು ಏಳು ಮಂದಿ. ಜನ ಅವರನ್ನು ಸಪ್ತರ್ಷಿಗಳೆಂದು ಗೌರವಿಸಿದರು. ಇವರಾರೂ ಸಂಖ್ಯೆಯನ್ನು ನೋಡಿ ಹೊರಟವರಲ್ಲ. ಕೈಯಲ್ಲಿ ಕೆಲಸವಿದ್ದುದರಿಂದ ಜನರು ಬಂದು ಸೇರಿದರು. ಶಾಲೆಯ ಸಂಘಕ್ಕೂ ಈ ನಿಯಮವೇ ಸಲ್ಲುತ್ತದೆ. ಹೊಸಬನಿಗೆ ಕೊಡಬೇಕಾದದ್ದು ಸದಸ್ಯತ್ವದ ಚೀಟಿಯಲ್ಲ, ಒಂದು ಕಾಯಕ.

ಶರಣ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗಂತೂ ಇದನ್ನು ಹೊರಗಿನಿಂದ ಕಲಿಯಬೇಕಾದ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಕೂಡಿದವರು ಯಾರು? ಬಟ್ಟೆ ಒಗೆಯುತ್ತಿದ್ದ ಮಾಚಯ್ಯ, ದೋಣಿ ನಡೆಸುತ್ತಿದ್ದ ಚೌಡಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ. ಗಂಡನು ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿ ಆಯ್ದು ತಂದಾಗ ಅವನನ್ನು ತಿದ್ದಿದ ಲಕ್ಕಮ್ಮ ಕೂಡ ಆ ಪರಂಪರೆಯವಳೇ. ಅವರು ತಮ್ಮ ಕಸುಬನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬರಲಿಲ್ಲ; ಕಸುಬಿನೊಡನೆಯೇ ಬಂದರು. ದೋಣಿ, ಹಗ್ಗ, ಅಕ್ಕಿಗಳೇ ಅವರ ಮಾತಿಗೆ ಕಸುವನ್ನು ತುಂಬಿದವು.

ಅನುಭವ ಮಂಟಪದಲ್ಲಿಯೂ ಪರೀಕ್ಷೆಯಿತ್ತಲ್ಲವೇ, ಅಕ್ಕಮಹಾದೇವಿಯನ್ನು ಅಲ್ಲಮರು ಕಠಿಣವಾಗಿ ಪ್ರಶ್ನಿಸಿದರಲ್ಲವೇ ಎಂದು ಯಾರಾದರೂ ಕೇಳಬಹುದು. ಶೂನ್ಯಸಂಪಾದನೆ ಆ ಪ್ರಸಂಗವನ್ನು ವಿವರವಾಗಿಯೇ ಹೇಳುತ್ತದೆ. ಆದರೆ ಅಲ್ಲಿ ಕೇಳಿದ್ದು ಆಕೆಯ ಅನುಭವವನ್ನು. ಕೇಳಿದವರು ಆಕೆಯ ಉತ್ತರವನ್ನು ಕೊನೆಯವರೆಗೂ ಆಲಿಸಿ ತಲೆಬಾಗಿದರು. ಇಂದಿನ ಶಾಲೆಗಳಲ್ಲಿ ಹಿಂದಿನ ಬೆಂಚಿನ ಹುಡುಗನನ್ನು ಪ್ರಶ್ನಿಸುವ ಮೊದಲೇ ಉತ್ತರ ನಿರ್ಧಾರವಾಗಿರುತ್ತದೆ. ಪರೀಕ್ಷೆಗೂ ಅಲಕ್ಷ್ಯಕ್ಕೂ ಇರುವ ಅಂತರ ಅಲ್ಪವಲ್ಲ.

ಪ್ರಸಾದ ನಿಲಯದಲ್ಲಿದ್ದು ಓದುವ ಒಬ್ಬ ರೈತನ ಮಗನನ್ನು ನೆನೆದುಕೊಳ್ಳಿರಿ. ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯವನ್ನು ಕೊಟ್ಟರೆ ಅವನು ಎರಡು ವಾಕ್ಯಗಳಲ್ಲಿ ತೊದಲಿ ಕುಳಿತುಬಿಡುತ್ತಾನೆ. ಮೃಗಶಿರೆಯ ಮಳೆಗೂ ಆರಿದ್ರೆಯ ಮಳೆಗೂ ಬಿತ್ತನೆಯಲ್ಲಿ ಏನು ವ್ಯತ್ಯಾಸ, ಕೂರಿಗೆ ಹಿಡಿಯುವಾಗ ಕೈ ಹೇಗಿರಬೇಕು, ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಗೆ ಹೇಳುತ್ತಾರೆ ಎಂದು ಕೇಳಿದರೆ ಅದೇ ಹುಡುಗ ಹತ್ತು ನಿಮಿಷ ನಿರರ್ಗಳವಾಗಿ ಮಾತನಾಡುತ್ತಾನೆ. ನೇಕಾರರ ಮಗಳು ಹಾಸು ಹೊಕ್ಕುಗಳ ವಿಷಯದಲ್ಲಿ ಪಟ್ಟಣದ ಮಕ್ಕಳಿಗೆ ಪಾಠ ಹೇಳಬಲ್ಲಳು. ಮೂಕತನ ಮಗುವಿನಲ್ಲಿಲ್ಲ, ವಿಷಯವನ್ನು ಆರಿಸಿದವರ ಕಿವಿಯಲ್ಲಿ ಕಿವುಡುತನವಿದೆ.

ವೇಳೆಯ ಪ್ರಶ್ನೆಯೂ ಸಣ್ಣದಲ್ಲ. ಶಾಲೆ ಬಿಟ್ಟ ಮೇಲೆ ಸಂಘದ ಸಭೆ ಸೇರಿದರೆ ಹಳ್ಳಿಯ ಬಸ್ಸು ಹಿಡಿಯಬೇಕಾದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಎದ್ದು ಹೋಗಲೇಬೇಕು. ಅವರಿಗೆ ಆಸಕ್ತಿಯಿಲ್ಲವೆಂದು ಹೇಳುವುದು ಅನ್ಯಾಯ. ಶನಿವಾರದ ಕೊನೆಯ ಅವಧಿಯನ್ನು ಸಂಘಕ್ಕೆ ಬಿಟ್ಟುಕೊಟ್ಟರೆ ಈ ತೊಡಕು ನಿವಾರಣೆಯಾಗುತ್ತದೆ.

ಆಕ್ಷೇಪಣೆಗಳಿಲ್ಲದೆ ಇಲ್ಲ. ಎಸ್. ಎಸ್. ಎಲ್. ಸಿ. ಫಲಿತಾಂಶದ ಭಾರ ಹೊತ್ತ ಮುಖ್ಯೋಪಾಧ್ಯಾಯರಿಗೆ ಒಂದು ಅವಧಿಯೂ ಅಮೂಲ್ಯ. ಅಳುಕುವ ಹೊಸಬರನ್ನು ವೇದಿಕೆಗೆ ತಂದರೆ ಅಂತರಶಾಲಾ ಸ್ಪರ್ಧೆಯಲ್ಲಿ ಫಲಕ ತಪ್ಪಬಹುದೆಂಬ ಮಾತೂ ನಿಜ. ಒಂದೆರಡು ವರ್ಷ ತಪ್ಪಲಿ. ಕಂಡುದನ್ನು ಕ್ರಮವಾಗಿ ಹೇಳಲು ಕಲಿತವನು ಉತ್ತರಪತ್ರಿಕೆಯಲ್ಲಿಯೂ ಕ್ರಮವಾಗಿ ಬರೆಯುತ್ತಾನೆ. ನಾಲ್ವರು ಗೆದ್ದ ಫಲಕ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ನಲವತ್ತು ಮಂದಿಗೆ ಬಂದ ಧೈರ್ಯ ನಲವತ್ತು ಮನೆಗಳಲ್ಲಿ ಉಳಿಯುತ್ತದೆ.

ಮಾಡಬೇಕಾದ ಕೆಲಸ ಕಷ್ಟದ್ದೇನೂ ಅಲ್ಲ. ಸ್ಕೌಟು ಚಳುವಳಿಯಲ್ಲಿ ಹೊಸ ಬಾಲಕನನ್ನು ಆರೆಂಟು ಮಂದಿಯ ಸಣ್ಣ ದಳವೊಂದಕ್ಕೆ ಸೇರಿಸಿ, ತುಸು ಹಿರಿಯನಾದ ಒಬ್ಬ ಹುಡುಗನ ಕೈಗೆ ಒಪ್ಪಿಸುತ್ತಾರೆ. ಸಂಘದಲ್ಲಿಯೂ ಹಳೆಯ ಸದಸ್ಯನೊಬ್ಬನು ಬೇರೆ ತರಗತಿಯ, ಬೇರೆ ಊರಿನ, ತನ್ನ ಗೆಳೆಯನಲ್ಲದ ಒಬ್ಬ ಹೊಸಬನನ್ನು ತಾನೇ ಹೋಗಿ ಕರೆತರಲಿ. ಮೊದಲ ತಿಂಗಳು ಅವನು ಭಾಷಣ ಮಾಡಬೇಕಾಗಿಲ್ಲ. ಗೋಡೆ ಪತ್ರಿಕೆಗೆ ಅಂಟು ಹಚ್ಚಲಿ, ಶೀರ್ಷಿಕೆ ಬರೆಯಲಿ, ತನ್ನ ಊರಿನ ಗಾದೆಗಳನ್ನು ಅಜ್ಜಿಯಿಂದ ಕೇಳಿ ತರಲಿ. ಕಾರ್ಯದರ್ಶಿಯ ಸ್ಥಾನ ಎರಡು ತಿಂಗಳಿಗೊಮ್ಮೆ ಬದಲಾಗಲಿ. ವಂತಿಗೆ ಕೊಡಲಾಗದವನ ಹೆಸರು ಪಟ್ಟಿಯಿಂದ ಬಿಟ್ಟುಹೋಗದಿರಲಿ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದರಲ್ಲಿ ಪಾಲುಗೊಳ್ಳಬಹುದು. ಬೆಳ್ಳಿಯ ಫಲಕ ಕೊಡುವ ಉದಾರ ಹಸ್ತವು ಅದರ ಬದಲು ಒಂದು ಕಪಾಟು ಪುಸ್ತಕಗಳನ್ನು, ಒಂದು ವರ್ಷದ ಕಾಗದವನ್ನು ಕೊಡಲಿ. ವಾರ್ಷಿಕೋತ್ಸವದ ದಿನ ಹಾರ ಹಾಕಿಸಿಕೊಳ್ಳುವ ಗಣ್ಯ ಹಳೆಯ ವಿದ್ಯಾರ್ಥಿಯು ಯಾವುದಾದರೊಂದು ಸಾಮಾನ್ಯ ಶನಿವಾರ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ತೊದಲುವ ಮಗುವಿನ ಮಾತನ್ನು ಕೊನೆಯವರೆಗೆ ಕೇಳಲಿ. ಅದಕ್ಕಿಂತ ಮಿಗಿಲಾದ ಬಹುಮಾನ ಆ ಮಗುವಿಗೆ ಬೇರೊಂದಿಲ್ಲ.

ಮಠಗಳ ದಾಸೋಹದಲ್ಲಿ ಬಂದವರ ಅಂಕಪಟ್ಟಿಯನ್ನು ಕೇಳುವ ವಾಡಿಕೆಯಿಲ್ಲ. ಹಸಿದು ಬಂದವನಿಗೆ ಎಡೆಯುಂಟು. ಅನ್ನದ ಪಂಕ್ತಿಯಲ್ಲಿ ನಡೆದುಬಂದ ಈ ಧರ್ಮ ಮಾತಿನ ಪಂಕ್ತಿಯಲ್ಲಿಯೂ ನಡೆಯಲಿ. ಬರುವ ವರ್ಷದ ವರದಿಯಲ್ಲಿ ಸದಸ್ಯರ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಮೊದಲ ಬಾರಿಗೆ ಎದ್ದು ನಿಂತು ಮಾತನಾಡಿದವರ ಸಂಖ್ಯೆಯೊಂದು ಅದರಲ್ಲಿ ಸೇರಿದ್ದರೆ, ಸಂಘ ಬದುಕಿದೆಯೆಂದು ಎಲ್ಲರೂ ತಿಳಿಯಬಹುದು.