ಗಗನಕ್ಕೆ ಮುತ್ತೋ, ಪರಚೋ?

ಜಯನಗರಕ್ಕೆ ಅಸ್ತಿಭಾರ ಬಿದ್ದುದು 1948ರಲ್ಲಿ. ತೆಂಗಿನ ಮರವನ್ನು ಮೀರಿದ ಮನೆ ಅಲ್ಲಿ ಬಹುಕಾಲ ಅಪರೂಪವಾಗಿತ್ತು. ಇಂದು ಜೆ.ಪಿ. ನಗರವನ್ನು ದಾಟಿ ಕನಕಪುರದ ರಸ್ತೆ ಹಿಡಿದವರು ಕತ್ತನ್ನು ಹಿಂದಕ್ಕೆ ಬಾಗಿಸಿ ನೋಡಬೇಕಾದ ಕಟ್ಟಡಗಳು ಸಾಲಾಗಿ ನಿಂತಿವೆ. ಅವುಗಳಿಗೆ ನಾವು ಇಟ್ಟ ಹೆಸರು 'ಗಗನಚುಂಬಿ'. ಹೆಸರೇನೋ ಸೊಗಸಾಗಿದೆ. ಆದರೆ ಹೊಸ ವಸ್ತುವಿಗೆ ಹೆಸರಿಟ್ಟ ಮಾತ್ರಕ್ಕೆ ಭಾಷೆಯ ಕೆಲಸ ಮುಗಿಯಿತೇ? ಈ ವಾರ ಅದನ್ನಿಷ್ಟು ವಿಚಾರಿಸೋಣ.

ಇಂಗ್ಲಿಷಿನ 'ಸ್ಕೈಸ್ಕ್ರೇಪರ್' ಮೊದಲು ಕಟ್ಟಡದ ಹೆಸರಾಗಿರಲಿಲ್ಲ. ಹಡಗಿನ ತುತ್ತತುದಿಯ ಹಾಯಿಗೆ ಆ ಹೆಸರಿತ್ತು. ಶಿಕಾಗೋ ನಗರದಲ್ಲಿ 1885ರಲ್ಲಿ ಉಕ್ಕಿನ ಹಂದರದ ಹತ್ತಂತಸ್ತಿನ ಕಟ್ಟಡವೊಂದು ಎದ್ದಿತು. ಆ ಕಾಲದಲ್ಲಿಯೇ ಪದವೂ ಹಡಗಿನಿಂದಿಳಿದು ಕಟ್ಟಡವನ್ನೇರಿತು. ಪೋರ್ಚುಗೀಸರು ಅದನ್ನು 'ಅರಾನ್ಯ-ಸೆಉ' ಎಂದು ತಮ್ಮದಾಗಿಸಿಕೊಂಡರು. 'ಸೆಉ' ಎಂದರೆ ಆಕಾಶ. 'ಅರಾನ್ಯ' ಎಂದರೆ ಉಗುರಿನಿಂದ ಪರಚುವಂಥದು, ಬೆಕ್ಕು ಪರಚುವ ಹಾಗೆ! ಜರ್ಮನರ ಪದ ಮೋಡವನ್ನು ಕೆರೆಯುತ್ತದೆ. ನಮ್ಮದು ಮಾತ್ರ ಮುತ್ತಿಡುತ್ತದೆ.

ಇದರಿಂದ ನಾವೇ ರಸಿಕರೆಂದು ಬೀಗಬೇಕಾಗಿಲ್ಲ. ಸಂಸ್ಕೃತದಲ್ಲಿ 'ಅಭ್ರಂಕಷ' ಎಂಬ ಶಬ್ದವುಂಟು: ಮೋಡವನ್ನು ಉಜ್ಜುವಂಥದು. 'ಅಭ್ರಂಲಿಹ'ವೂ ಉಂಟು: ಮೋಡವನ್ನು ನೆಕ್ಕುವಂಥದು. ಎರಡಕ್ಕೂ ಪಾಣಿನಿ ಸೂತ್ರ ಬರೆದಿದ್ದಾನೆ. ಮೇಘದೂತದಲ್ಲಿ ಕಾಳಿದಾಸನು ಅಲಕಾಪುರಿಯ ಸೌಧಗಳಿಗೆ ಎರಡನೆಯದನ್ನು ತೊಡಿಸಿದ್ದಾನೆ. ಎತ್ತರವನ್ನು ಕಂಡು ಬೆರಗಾದ ಮನುಷ್ಯ ಎಲ್ಲ ದೇಶದಲ್ಲಿಯೂ ಒಂದೇ ಬಗೆಯವನು.

ಹೊರಗೆ ನಿಂತು ನೋಡುವವನಿಗೆ ಬೆರಗಿನ ಪದ ಸಾಕು. ಒಳಗೆ ವಾಸಿಸುವವನಿಗೆ ಲೆಕ್ಕದ ಪದ ಬೇಕು. ಪೋರ್ಚುಗಲ್ಲಿನಲ್ಲಿ ಕೆಳಗಿನ ಅಂತಸ್ತಿಗೆ 'ರೆಸ್-ದು-ಶಾಂವ್' ಎನ್ನುತ್ತಾರೆ. ನೆಲಕ್ಕೆ ಸಮನಾದದ್ದು ಎಂದರ್ಥ. ಅದರ ಮೇಲಿನದು ಒಂದನೆಯ 'ಅಂದಾರ್'. ನಡೆಯುವುದು ಎಂಬ ಕ್ರಿಯಾಪದವೂ ಇದೇ ಶಬ್ದ. ಅಮೆರಿಕದವರಿಗಾದರೋ ನೆಲದಂತಸ್ತೇ ಸಾಮಾನ್ಯವಾಗಿ ಒಂದನೆಯದು.

ಕನ್ನಡದಲ್ಲಿ ಎರಡು ಎಣಿಕೆಗಳೂ ಇವೆ. 'ಅಂತಸ್ತು' ಎಂದಾಗ ನೆಲದಿಂದ ಎಣಿಸುತ್ತೇವೆ. 'ಮಹಡಿ' ಎಂದಾಗ ನೆಲವನ್ನು ಬಿಟ್ಟು ಎಣಿಸುತ್ತೇವೆ. ಆದುದರಿಂದ ನಾಲ್ಕಂತಸ್ತಿನ ಮನೆಗೆ ನಾಲ್ಕನೆಯ ಮಹಡಿ ಇರುವುದಿಲ್ಲ, ಮೂರನೆಯದೇ ಕಡೆಯದು! ಬನಶಂಕರಿಯಲ್ಲಿ, ಬಿ.ಟಿ.ಎಂ. ಬಡಾವಣೆಯಲ್ಲಿ 'ಜಿ ಪ್ಲಸ್ ಫೋರ್' ಎಂದು ಕರೆಯುವ ಕಟ್ಟಡ ನಮ್ಮ ಲೆಕ್ಕದಲ್ಲಿ ಐದಂತಸ್ತಿನದು.

ಇದು ಪಂಡಿತರ ಕೂದಲು ಸೀಳುವ ಚರ್ಚೆಯೆಂದು ಯಾರಾದರೂ ನಕ್ಕಾರು. ಅವರು ಬ್ರೆಜಿಲಿನ ಸಾವೊ ಪಾವ್ಲೊ ನಗರವನ್ನು ನೆನೆಯಲಿ. ಪೋರ್ಚುಗೀಸ್ ನುಡಿಯುವ ಆ ಊರಿನಲ್ಲಿ 1974ರ ಫೆಬ್ರವರಿ 1ರಂದು 'ಜೊಯೆಲ್ಮ' ಎಂಬ 25 ಅಂತಸ್ತುಗಳ ಕಟ್ಟಡಕ್ಕೆ ಬೆಂಕಿ ಬಿದ್ದು 170ಕ್ಕೂ ಹೆಚ್ಚು ಜನ ಸತ್ತರು. ಆಪತ್ತಿಗೆಂದು ಬೇರೆ ಮೆಟ್ಟಿಲು ಅಲ್ಲಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಜನ ಪ್ರಾಣ ಕಳೆದುಕೊಂಡರು. ಉಸಿರಿಗಾಗಿ ಮೇಲಿನಿಂದ ಹಾರಿದವರೂ ಇದ್ದರು. ಈ ಸಾವುಗಳಿಗೆ ಶಬ್ದ ಕಾರಣವಲ್ಲ. ಆದರೆ ಅಂಥ ಗಳಿಗೆಯಲ್ಲಿ, ದಾರಿ ಇದ್ದರೂ ಅದರ ಹೆಸರನ್ನು ಓದಲಾರದವನಿಗೆ ಅದು ಇಲ್ಲದಂತೆಯೇ. ಅಗ್ನಿಶಾಮಕ ದಳದವರು 'ಎಷ್ಟನೆಯ ಮಹಡಿ?' ಎಂದು ಕೇಳಿದಾಗ ಉತ್ತರ ಒಂದು ಅಂಕೆ ತಪ್ಪಿದರೆ ಏಣಿಯೂ ತಪ್ಪೀತು.

ಈ ಎತ್ತರದ ಮನೆಗಳಲ್ಲಿ ಪಾತ್ರೆ ಬೆಳಗುವ ಹೆಂಗಸರು, ಕಾವಲಿನವರು, ಮಗನ ಮನೆಗೆ ಹಳ್ಳಿಯಿಂದ ಬಂದ ಮುದುಕಿ, ಇವರೆಲ್ಲ ದಿನವೂ ಹತ್ತಿಳಿಯುತ್ತಾರೆ. ಗೋಡೆಯ ಮೇಲೆ 'ಎಕ್ಸಿಟ್' ಎಂದಿಷ್ಟೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಇವರಲ್ಲಿ ಎಷ್ಟು ಮಂದಿಗೆ ಅದು ದಾರಿ ತೋರೀತು? 'ಹೊರದಾರಿ', 'ನೆಲಮಾಳಿಗೆ', 'ತಾರಸಿ' ಎಂಬ ಮಾತುಗಳು ನಮ್ಮಲ್ಲಿ ಬಾಯಿಗೆ ಬಂದಿರುವಾಗ ಬರೆಯುವುದಕ್ಕೆ ಸಂಕೋಚವೇಕೆ?

ಎಲ್ಲವನ್ನೂ ಕನ್ನಡದಲ್ಲಿಯೇ ಟಂಕಿಸಬೇಕೆಂಬ ಹಟ ನನ್ನದಲ್ಲ. ಮನೆ ಕಟ್ಟಿಸುವ 'ಮೇಸ್ತ್ರಿ'ಯೂ, ಅದರ ಬಾಗಿಲಿನ 'ಚಾವಿ'ಯೂ, ಒಳಗಿನ 'ಅಲಮಾರು'ವೂ ಪೋರ್ಚುಗೀಸಿನಿಂದ ಬಂದವೇ. ಮೆಸ್ತ್ರೆ, ಶಾವೆ, ಅರ್ಮಾರಿಯೊ ಎಂಬ ಶಬ್ದಗಳನ್ನು ಕೆಲಸಗಾರರೂ ಗೃಹಿಣಿಯರೂ ನಾಲಗೆಗೆ ಒಗ್ಗಿಸಿಕೊಂಡು ನಮ್ಮವಾಗಿಸಿದರು. 'ಲಿಫ್ಟ್' ಹಾಗೆಯೇ ಉಳಿಯಲಿ. ಕನ್ನಡ ಅಕ್ಷರದಲ್ಲಿ ಉಳಿಯಲಿ. ಆದರೆ ಕಡ ತಂದ ಪದದ ಮೇಲೆ ಒಂದು ಕಣ್ಣಿರಬೇಕು. ಒಂದೇ ಲ್ಯಾಟಿನ್ ಬೇರಿನ ಶಬ್ದ ಸ್ಪ್ಯಾನಿಷಿನಲ್ಲಿ 'ಸೊತಾನೊ' ಆಗಿ ನೆಲಮಾಳಿಗೆಯಾಯಿತು. ನೆರೆಯ ಪೋರ್ಚುಗೀಸಿನಲ್ಲಿ 'ಸೊತಾಂವ್' ಆಗಿ ಅಟ್ಟವನ್ನೇರಿತು. ಹೆಸರು ನಂಬಿ ಹೋದವನು ಒಮ್ಮೆ ಪಾತಾಳಕ್ಕೆ, ಒಮ್ಮೆ ಮಾಡಿನ ಕೆಳಗೆ!

ಆದುದರಿಂದ ಬಹುಮಹಡಿಯ ಮನೆಗಳಲ್ಲಿರುವ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ನಿಮ್ಮ ಸಂಘದವರು ಅರ್ಧ ಗಂಟೆಯನ್ನು ಇದಕ್ಕೆ ಕೊಡಲಿ. ಮೆಟ್ಟಿಲಿನ ಪ್ರತಿಯೊಂದು ತಿರುವಿನಲ್ಲಿ ಮಹಡಿಯ ಅಂಕೆ, ಹೊರದಾರಿಯ ಬಾಣ, ಬೆಂಕಿಯಾದಾಗ ಲಿಫ್ಟ್ ಹತ್ತಬಾರದೆಂಬ ಮಾತು ಕನ್ನಡದಲ್ಲಿಯೂ ಬರೆದಿರಲಿ. ಕಾವಲಿನವನು ಬೇರೆ ನುಡಿಯವನಾದರೆ ಅವನ ನುಡಿಯಲ್ಲಿಯೂ ಇರಲಿ. ಬರೆದ ಮೇಲೆ ಕಸ ಗುಡಿಸುವಾಕೆಯನ್ನು ಕರೆದು ಓದಿಸಿ. ಆಕೆ ತಡವರಿಸದೆ ಓದಿದಳಾದರೆ ಆ ಫಲಕ ಸರಿಯಾಗಿದೆ.