ಏಐ ಕೋರ್ಸಿಗೆ ಫೀಸ್ ಕಟ್ಟುವ ಮುನ್ನ ಬ್ಯಾಡಗಿ ಮಾರ್ಕೆಟ್ ಕಡೆ ಒಮ್ಮೆ ನೋಡಿ

ರಾಣೆಬೆನ್ನೂರಿನ ಕಿರಾಣಿ ಅಂಗಡಿಯ ಕಾಕಾ ಒಬ್ಬರು ಹೋದ ವಾರ ನನ್ನನ್ನು ಕರೆದು ಒಂದು ಪಾಂಪ್ಲೆಟ್ ಕೈಗಿಟ್ಟರು. ಬಸ್ ಸ್ಟ್ಯಾಂಡ್ ಹತ್ತಿರ ಹಂಚಿದ್ದಂತೆ. ಆರು ತಿಂಗಳ ಏಐ ಕೋರ್ಸ್, ಫೀಸು 45 ಸಾವಿರ, ಮೊದಲ ಕಂತು 15 ಸಾವಿರ. ಕೆಳಗೆ ಕೆಂಪಕ್ಷರದಲ್ಲಿ, ಇನ್ನು ಎರಡು ವರ್ಷದಲ್ಲಿ ಅಕೌಂಟೆಂಟ್, ಟೈಪಿಸ್ಟ್, ಬಿಲ್ಲಿಂಗ್ ಕ್ಲರ್ಕ್ ಕೆಲಸ ಇರುವುದಿಲ್ಲ, ಇಂದೇ ಸೇರಿ ಅಂತ ಇತ್ತು. ಕಾಕಾನ ಮಗ ಪಿಯುಸಿ ಕಾಮರ್ಸ್ ಪಾಸಾಗಿ ಬಿ.ಕಾಂ ಅರ್ಜಿ ತಂದಿಟ್ಟಿದ್ದಾನೆ.

"ತಮ್ಮಾ, ನೀ ಸುದ್ದಿ ಬರಿಯಾಂವ. ಬಿ.ಕಾಂ ಮುಗಿಸೂದ್ರಾಗ ಆ ಕೆಲಸನ ಇರೂದಿಲ್ಲ ಅಂತ ಬರದಾರ. ಖರೆ ಏನಪಾ ಇದು?"

ನನಗೆ ತಕ್ಷಣ ಉತ್ತರ ಹೇಳೋಕೆ ಆಗಲಿಲ್ಲ. ಯಾಕಂದ್ರೆ ನಾನೂ ಇಂಥದ್ದೇ ಒಂದು ಪಾಂಪ್ಲೆಟ್ ನಂಬಿ ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು. ಆಗ ಏಐ ಅನ್ನೋ ಮಾತಿರಲಿಲ್ಲ, ಡಿಜಿಟಲ್ ಮಾರ್ಕೆಟಿಂಗ್ ಅಂತಿತ್ತು. ಅವ್ವನ ಸಂಘದ ಸಾಲದಲ್ಲಿ ಫೀಸು ಕಟ್ಟಿದೆ. ಕೋರ್ಸ್ ಮುಗಿಯೋದರೊಳಗೆ ಕಲಿಸಿದ್ದರಲ್ಲಿ ಅರ್ಧ ಹಳೆಯದಾಗಿತ್ತು, ವರ್ಷದೊಳಗೆ ಆ ಸೆಂಟರಿನ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ ಬಂತು. ಹಾಗಾಗಿ ಈ ಲೇಖನದಲ್ಲಿ ಸ್ವಲ್ಪ ಹೊಟ್ಟೆಯುರಿ ಕಂಡರೆ ಓದುಗರು ಕ್ಷಮಿಸಬೇಕು.

ಕಾಕಾನ ಪ್ರಶ್ನೆಗೆ ಬರೋಣ. ಏಐ ಬರುತ್ತಾ? ಬಂದಾಗಿದೆ. ಚಾಟ್‌ಜಿಪಿಟಿ ಹೊರಬಿದ್ದಿದ್ದು 2022ರ ನವೆಂಬರ್ 30ಕ್ಕೆ. ಈಗ ನಮ್ಮ ಡಿಟಿಪಿ ಅಂಗಡಿಗಳಲ್ಲಿ ತಹಶೀಲ್ದಾರರಿಗೆ ಅರ್ಜಿ ಬರೆಯೋಕೂ ಹುಡುಗರು ಅದನ್ನೇ ಕೇಳ್ತಾರೆ. ಕಾಕಾ ತಿಳಿಯಬೇಕಾಗಿದ್ದು ಬೇರೆ. ಎರಡು ವರ್ಷ ಅಂತ ಬರೆದಿದ್ದಾರಲ್ಲ, ಆ ಎರಡು ವರ್ಷ ಎಲ್ಲಿಂದ ಬಂತು?

ಇಂಥ ಗಡುವುಗಳನ್ನು ಪಾಂಪ್ಲೆಟ್‌ನವರಷ್ಟೇ ಕೊಟ್ಟಿಲ್ಲ, ಜಗತ್ತಿನ ದೊಡ್ಡ ದೊಡ್ಡವರೂ ಕೊಟ್ಟಿದ್ದಾರೆ. ಜೆಫ್ರಿ ಹಿಂಟನ್ ಅಂತ ವಿಜ್ಞಾನಿ, ಏಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅವರು 2016ರಲ್ಲಿ, ಎಕ್ಸ್‌ರೇ ಸ್ಕ್ಯಾನ್ ನೋಡೋ ರೇಡಿಯಾಲಜಿ ಡಾಕ್ಟರ್‌ಗಳಿಗೆ ಟ್ರೇನಿಂಗ್ ಕೊಡೋದನ್ನ ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತೆ ಅಂದಿದ್ದರು. ಹತ್ತು ವರ್ಷವೂ ಹಿಡಿಯಬಹುದು ಅಂತ ಒಂದು ಮಾತು ಸೇರಿಸಿದ್ದರು ಅನ್ನಿ, ಅದು ಯಾರ ತಲೆಗೂ ಹೋಗಲಿಲ್ಲ. ಈಗಲೂ ಸ್ಕ್ಯಾನ್ ರಿಪೋರ್ಟಿಗೆ ಸಹಿ ಹಾಕೋದು ಡಾಕ್ಟರೇ. ಸಾಫ್ಟ್‌ವೇರ್ ಬಂದಿದೆ, ಡಾಕ್ಟರ ಪಕ್ಕದಲ್ಲಿ ಕೂತು ಸಹಾಯ ಮಾಡ್ತಿದೆ. ಸಮಯದ ಲೆಕ್ಕ ತಪ್ಪಿತು, ದಿಕ್ಕು ತಪ್ಪಿಲ್ಲ ಅನ್ನೋ ಅರ್ಥದಲ್ಲಿ ಹಿಂಟನ್ ಆಮೇಲೆ ಒಪ್ಪಿಕೊಂಡರು. ಆದರೆ ಆ ಐದು ವರ್ಷದ ಮಾತು ನಂಬಿ ಯಾವನಾದರೂ ಹುಡುಗ ರೇಡಿಯಾಲಜಿ ಸೀಟು ಬಿಟ್ಟಿದ್ದರೆ, ನೊಬೆಲ್ ಬಂದವರ ಲೆಕ್ಕ ತಪ್ಪಿದ್ದಕ್ಕೆ ಅವನಿಗೆ ಸೀಟು ವಾಪಸ್ ಸಿಗಲ್ಲ.

ಡ್ರೈವರ್ ಇಲ್ಲದ ಕಾರಿನ ಕಥೆಯೂ ಹೀಗೇ. 2017ರ ಕೊನೆಯೊಳಗೆ ಟೆಸ್ಲಾ ಕಾರು ಅಮೆರಿಕದ ಆ ತುದಿಯಿಂದ ಈ ತುದಿಗೆ ತಾನೇ ಓಡುತ್ತೆ ಅಂತ ಎಲಾನ್ ಮಸ್ಕ್ 2016ರಲ್ಲಿ ಹೇಳಿದ್ದರು. ಓಡಲಿಲ್ಲ. 2020ರಲ್ಲಿ ಹತ್ತು ಲಕ್ಷ ರೋಬೋ ಟ್ಯಾಕ್ಸಿ ಅಂದರು. ಅದೂ ಆಗಲಿಲ್ಲ. ಹಾಗಂತ ಅದು ಬರೀ ಸುಳ್ಳು ಅಂತ ನಕ್ಕುಬಿಡೋ ಹಾಗೂ ಇಲ್ಲ. ಗೂಗಲ್ 2009ರಲ್ಲಿ ಶುರು ಮಾಡಿದ ಪ್ರಯೋಗವೇ ಇವತ್ತಿನ ವೇಮೋ ಕಂಪನಿ. ಅದು 2020ರಲ್ಲಿ ಫೀನಿಕ್ಸ್ ನಗರದಲ್ಲಿ, 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಸಾಮಾನ್ಯರಿಗೆ ಡ್ರೈವರ್ ಇಲ್ಲದ ಟ್ಯಾಕ್ಸಿ ಕೊಟ್ಟಿತು. ಹದಿನೈದು ವರ್ಷ ಹಿಡೀತು, ಒಂದೊಂದೇ ಊರು.

ಯಾಕೆ ಇಷ್ಟು ತಡ? ಇದನ್ನ ಅರ್ಥ ಮಾಡ್ಕೊಳ್ಳೋಕೆ ಅಮೆರಿಕಾಕ್ಕೆ ಹೋಗೋದು ಬೇಡ. ನಾನು ಕಾಕಾನ ಉದ್ರಿ ಪುಸ್ತಕದ ಒಂದು ಪುಟ ಫೋಟೋ ಹೊಡೆದು, ಮೊಬೈಲಿನ ಒಂದು ಏಐ ಆಪ್‌ಗೆ ಹಾಕಿ ಟೋಟಲ್ ಕೇಳಿದೆ. ಅರ್ಧ ನಿಮಿಷದಲ್ಲಿ ಚೆಂದನೆಯ ಪಟ್ಟಿ ಬಂತು. ಕಾಕಾನ ಮಗ ಕುರ್ಚಿ ಬಿಟ್ಟು ಎದ್ದ. ಆಮೇಲೆ ಮೂರೂ ಜನ ಕೂತು ತಾಳೆ ಹಾಕಿದ್ವಿ. ಹದಿನೆಂಟು ಸಾಲಿನಲ್ಲಿ ಹದಿನೈದು ಬರೋಬರಿ ಇತ್ತು. ಒಂದು ಕಡೆ 140 ಇದ್ದದ್ದು 740 ಆಗಿತ್ತು. ಕಾಟು ಹೊಡೆದ ಒಂದು ಸಾಲನ್ನು ಬಾಕಿ ಅಂತ ಹಿಡಿದಿತ್ತು. ಇನ್ನೊಂದು ಹೆಸರು ಪುಸ್ತಕದಲ್ಲೇ ಇರಲಿಲ್ಲ, ಎಲ್ಲಿಂದ ತಂತೋ ಗೊತ್ತಿಲ್ಲ.

ಕಾಕಾ ಹೇಳಿದ್ದು ಇಷ್ಟೇ: "ಒಂದು ಹೆಸರು ತಪ್ಪಿದ್ರ ಜಗಳಾ ಆಗೂದು ನನ್ನ ಅಂಗಡಿ ಮುಂದ."

ಸ್ಟೇಜ್ ಮೇಲೆ ತೋರಿಸೋಕೆ ಹದಿನೈದು ಸಾಲು ಸಾಕು. ಅಂಗಡಿ ನಡೆಸೋಕೆ ಹದಿನೆಂಟೂ ಬೇಕು. ಕಂಪನಿಯವರು ವಿಡಿಯೋದಲ್ಲಿ ತೋರಿಸೋದು ಆ ಹದಿನೈದನ್ನ, ನಮಗೆ ಅಷ್ಟೇ ವೇಗದಲ್ಲಿ ಉಳಿದ ಮೂರೂ ಬಂದುಬಿಡುತ್ತೆ ಅನ್ನಿಸುತ್ತೆ. ಆ ಮೂರರಲ್ಲೇ ವರ್ಷಗಳು ಹೋಗೋದು. ಇವತ್ತು ಇಂಗ್ಲಿಷ್ ಪ್ರಿಂಟೆಡ್ ಬಿಲ್ಲನ್ನು ಇದೇ ಆಪ್‌ಗಳು ಚೆನ್ನಾಗಿ ಓದ್ತವೆ. ನಮ್ಮ ಕೈಬರಹದ ಕನ್ನಡ, ಅದರಲ್ಲೂ ಹಾವೇರಿ ಕಡೆ ಮೊಟಕು ಮಾಡಿ ಬರೆಯೋ ಹೆಸರು, ಅದರ ಸಾಲಿನಲ್ಲಿ ಹಿಂದೆ ನಿಂತಿದೆ.

ಈಗ ಬ್ಯಾಡಗಿಗೆ ಬನ್ನಿ. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಇ-ಟೆಂಡರ್ ಬಂದು ವರ್ಷಗಳೇ ಆದವು. ರಾಜ್ಯದ ಎಪಿಎಂಸಿಗಳನ್ನೆಲ್ಲ ಒಂದೇ ಆನ್‌ಲೈನ್ ಮಾರುಕಟ್ಟೆಗೆ ತರೋ ಕೆಲಸ 2014ರಲ್ಲಿ ಶುರುವಾಯ್ತು, ಕೇಂದ್ರದ ಇ-ನ್ಯಾಮ್ 2016ರ ಏಪ್ರಿಲ್‌ನಲ್ಲಿ ಬಂತು. ಎಲ್ಲೋ ಕೂತ ಖರೀದಿದಾರ ಕಂಪ್ಯೂಟರಿನಲ್ಲಿ ರೇಟು ಹಾಕ್ತಾನೆ, ರೈತನಿಗೆ ಒಳ್ಳೆ ಬೆಲೆ ಬರುತ್ತೆ ಅನ್ನೋ ನಿರೀಕ್ಷೆ ಆಗ ಜೋರಿತ್ತು.

ಬಂದದ್ದೇನು? ರೇಟು ಕಂಪ್ಯೂಟರಿಗೆ ಹೋಯ್ತು. ಒಬ್ಬರ ರೇಟು ಇನ್ನೊಬ್ಬರಿಗೆ ಮೊದಲೇ ಕಾಣದ ಹಾಗಾಯ್ತು, ಅದು ಸಣ್ಣ ಲಾಭವಲ್ಲ. ಆದರೆ ರೇಟು ಹಾಕೋ ಮುಂಚೆ ಖರೀದಿದಾರ ಈಗಲೂ ದಲಾಲರ ಅಂಗಡಿಗೆ ಬಂದು ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು, ಬಣ್ಣ ನೋಡಿ, ಹಸಿ ಇದೆಯಾ ಅಂತ ಹಿಡಿದು ನೋಡ್ತಾನೆ. ಬ್ಯಾಡಗಿ ಕಾಯಿ ಬಿಕರಿಯಾಗೋದೇ ಬಣ್ಣದ ಮೇಲೆ, ಅದನ್ನ ಕಂಪ್ಯೂಟರಿನ ಮುಂದೆ ಕೂತವನು ಹೇಗೆ ನಂಬ್ತಾನೆ? 2024ರ ಮಾರ್ಚ್ 11ರ ಸೋಮವಾರ ರೇಟು ಏಕಾಏಕಿ ಬಿದ್ದಾಗ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ, ಗಾಡಿಗಳಿಗೆ ಬೆಂಕಿ ಹಚ್ಚಿದ್ದು ನಮಗೆಲ್ಲ ನೆನಪಿದೆ. ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಶಿ ಕಾಯಿ ಒಮ್ಮೆಲೇ ಬಂದು ಬಿದ್ದ ದಿನ ಇ-ಟೆಂಡರ್ ಇದ್ದರೂ ರೇಟು ಬೀಳುತ್ತೆ ಅಂತ ರೈತನಿಗೆ ಯಾರೂ ಮೊದಲು ಹೇಳಿರಲಿಲ್ಲ.

ತಲಾಟಿಗಳ ಕಥೆ ಇನ್ನೂ ಮಜಾ. 2000ದ ಆಸುಪಾಸು 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ ಇನ್ನು ತಲಾಟಿಗೆ ಕೆಲಸ ಇಲ್ಲ ಅಂದರು. 2024ರಲ್ಲಿ ಅದೇ ತಲಾಟಿಗಳು, ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ, ರಾಜ್ಯಾದ್ಯಂತ ಮುಷ್ಕರ ಹೂಡಿದರು. ಅವರ ದೂರುಗಳಲ್ಲಿ ಒಂದು, ಮೊಬೈಲಿನಲ್ಲಿ ಆಪ್‌ಗಳು ಹೆಚ್ಚಾಗಿ ಕೆಲಸ ತಾಳಲಾರದಷ್ಟಾಗಿದೆ ಅಂತ!

ಇಷ್ಟು ಓದಿ ಯಾರಾದರೂ, ಹಾಗಾದರೆ ಇದೆಲ್ಲ ನಿಧಾನ, ನಮಗೆ ಚಿಂತೆ ಇಲ್ಲ ಅಂದುಕೊಂಡರೆ ಅಲ್ಲೇ ಹೊಡೆತ ಬೀಳೋದು. ನಮ್ಮ ಅಂಗಡಿಕಾರರಿಗೆ ಅದು ಒಮ್ಮೆ ಬಿದ್ದಿದೆ.

ಯುಪಿಐ 2016ರ ಏಪ್ರಿಲ್‌ನಲ್ಲಿ ಶುರುವಾದಾಗ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಪಾಂಪ್ಲೆಟ್ ಹಂಚಲಿಲ್ಲ. ಆ ನವೆಂಬರ್‌ನಲ್ಲಿ ನೋಟು ಬಂದ್ ಆಯ್ತು. ಆಮೇಲೂ ಎರಡು ಮೂರು ವರ್ಷ ಸಂತೆಯಲ್ಲಿ ರೊಕ್ಕದ್ದೇ ಕಾರುಬಾರು. ಕೊರೋನಾ ಬಂದು ಹೋಗೋದರೊಳಗೆ ನೋಡಿದರೆ ಗಿರ್ಮಿಟ್ ಗಾಡಿ ಮೇಲೂ ಕ್ಯೂಆರ್ ಕೋಡ್. 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ಯುಪಿಐ ವಹಿವಾಟು ದಾಟಿತು. ಚಿಲ್ಲರೆ ತಂಟೆ ತಪ್ಪಿತು ಅಂತ ಅಂಗಡಿಯವರೂ ಖುಷಿಯಾಗಿ ಸ್ವೀಕರಿಸಿದರು. ಪ್ರತಿ 'ಟಿಂಗ್' ಸದ್ದಿನ ಹಿಂದೆ ಒಂದು ದಾಖಲೆ ಬೀಳ್ತಿದೆ ಅನ್ನೋದನ್ನ ಮಾತ್ರ ಯಾರೂ ಯೋಚಿಸಲಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇಲಾಖೆ ಯುಪಿಐ ಲೆಕ್ಕ ತೆಗೆದು 2021-22ರಿಂದ ನೋಡಿತ್ತು. ನಮ್ಮ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸ್ ಬಂದದ್ದು ದೇಶವೆಲ್ಲ ಸುದ್ದಿಯಾಯ್ತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಕ್ಯೂಆರ್ ಕೋಡ್ ಮೇಲೆ ಕಾಗದ ಅಂಟಿಸಿ 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ ಅಂಗಡಿಗಳನ್ನು ಆಗ ನಾನೇ ಫೋಟೋ ತೆಗೆದಿದ್ದೆ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಮಾಡಿ ಹಳೆ ಬಾಕಿ ವಸೂಲಿ ಮಾಡಲ್ಲ ಅಂದ ಮೇಲೆ ವರ್ತಕರು 25ರ ಬಂದ್ ಕೈಬಿಟ್ಟರು.

ಡಂಗುರ ಹೊಡೆದು ಬಂದದ್ದನ್ನ ಹೆದರಿ ನೋಡಿದ್ವಿ, ಸದ್ದಿಲ್ಲದೆ ಬಂದದ್ದನ್ನ ಕೌಂಟರ್ ಮೇಲೇ ಇಟ್ಟುಕೊಂಡಿದ್ವಿ. ಏಐ ವಿಷಯದಲ್ಲೂ ನನಗಿರೋ ಅನುಮಾನ ಇದೇ. ಅಕೌಂಟೆಂಟ್ ನಾಳೆ ಮಾಯ ಆಗಲ್ಲ, ಜಿಎಸ್‌ಟಿ ರಿಟರ್ನ್ ತಪ್ಪಾದರೆ ಉತ್ತರ ಹೇಳೋಕೆ ಒಬ್ಬ ಮನುಷ್ಯ ಬೇಕು. ಆದರೆ ಆ ಆಫೀಸಿನಲ್ಲಿ ಬರೀ ವೋಚರ್ ಎಂಟ್ರಿ ಹೊಡೆಯೋ ನಾಲ್ಕು ಹುಡುಗರ ಜಾಗಕ್ಕೆ ಇಬ್ಬರೇ ಸಾಕಾಗಬಹುದು. ನನ್ನ ಕೆಲಸದಲ್ಲೇ ಇದು ಆಗ್ತಿದೆ. ಇಲಾಖೆಯ ಪ್ರೆಸ್‌ನೋಟ್ ತಿದ್ದಿ ಕಳಿಸಿದರೆ ಮೊದಲು ನನಗೆ ಇಂತಿಷ್ಟು ಅಂತ ಸಿಗ್ತಿತ್ತು, ಈಗ ಅದನ್ನ ಡೆಸ್ಕಿನಲ್ಲೇ ಮಷೀನ್ ಹತ್ರ ಮಾಡಿಸ್ತಾರೆ. ಸಂತೆಗೆ ಹೋಗಿ ರೇಟು ಕೇಳಿ ಬರೆದ ಸುದ್ದಿಗೆ ಮಾತ್ರ ಇನ್ನೂ ದುಡ್ಡು ಬರುತ್ತೆ.

ಅದಕ್ಕೆ ಕಾಕಾಗೆ ಹೇಳಿದೆ: ಹುಡುಗ ಬಿ.ಕಾಂ ಸೇರಲಿ, ಸಂಜೆ ಅಂಗಡಿಯ ಲೆಕ್ಕ ಅವನೇ ಬರೀಲಿ, ಮೊಬೈಲಿನಲ್ಲಿ ಪುಕ್ಕಟೆ ಸಿಗೋ ಏಐಯನ್ನ ದಿನಾ ಬಳಸಿ ಅದು ಎಲ್ಲೆಲ್ಲಿ ತಪ್ಪುತ್ತೆ ಅಂತ ಒಂದು ವಹಿಯಲ್ಲಿ ಬರೆದಿಡಲಿ. 45 ಸಾವಿರ ಕೊಡಲೇಬೇಕು ಅಂದ್ರೆ ಮೊದಲು ಸೆಂಟರಿನವರನ್ನ ಎರಡು ಮಾತು ಕೇಳಿ. ಹೋದ ಬ್ಯಾಚಿನವರು ಈಗ ಎಲ್ಲಿ, ಎಷ್ಟು ಪಗಾರಕ್ಕೆ ಕೆಲಸ ಮಾಡ್ತಿದ್ದಾರೆ? ಎರಡು ವರ್ಷದಲ್ಲಿ ಕ್ಲರ್ಕ್ ಕೆಲಸ ಹೋಗದಿದ್ದರೆ ಫೀಸ್ ವಾಪಸ್ ಕೊಡ್ತೀರಾ?

ಕಾಕಾ ನಿಜವಾಗಿಯೂ ಹೋಗಿ ಕೇಳಿದರಂತೆ. ಸಾರ್ ಇಲ್ಲ, ಸೋಮವಾರ ಬರ್ರಿ ಅಂದರಂತೆ. ಆ ಸೋಮವಾರ ಹೋಯ್ತು, ಇದನ್ನ ಬರೆಯೋ ಹೊತ್ತಿಗೆ ಇನ್ನೊಂದು ಸೋಮವಾರವೂ ಹೋಗಿದೆ. ಕಾಲೇಜಿನಲ್ಲಿ ಅರ್ಜಿ ಕೊಡೋಕೆ ಶನಿವಾರ ಕೊನೆ ದಿನ ಅಂತ ಹುಡುಗ ಫೋನ್ ಮಾಡಿದ್ದ.