ದಸರಾ ರಜೆ ಮುಗೀತು, ಮೂರನೇ ಕ್ಲಾಸಿನ ಮಗು ಇನ್ನೇನು ಕಲಿಯಬೇಕು?

ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆಯುವುದಕ್ಕೂ ಹೊಲದಲ್ಲಿ ಹತ್ತಿ ಅರಳುವುದಕ್ಕೂ ಸರಿಹೋಗುತ್ತದೆ. ಹುಣಸಗಿ ತಾಲ್ಲೂಕಿನ ನಾರಾಯಣಪುರ ಇರಲಿ, ಸುರಪುರ, ಶಹಾಪುರದ ಕಡೆಯ ಹಳ್ಳಿಗಳಿರಲಿ, ಈ ಹೊತ್ತಿನಲ್ಲಿ ಎಂಟು-ಒಂಬತ್ತು ವರ್ಷದ ಮಗುವಿಗೆ ಎರಡು ಕಡೆಯಿಂದ ಕರೆ ಬರುತ್ತದೆ. ಒಂದು ಶಾಲೆಯ ಗಂಟೆ, ಇನ್ನೊಂದು ಹೊಲದ ಕೂಲಿ. ಹತ್ತಿ ಬಿಡಿಸುವುದು ಮುಗಿಯಿತು ಅನ್ನುವಷ್ಟರಲ್ಲಿ ಮೆಣಸಿನಕಾಯಿ ಬಂತು. ಕೆಲವರು ಬೆಂಗಳೂರು, ಪುಣೆ, ಮುಂಬೈ ಕಡೆಗೆ ಗುಳೆ ಹೊರಡುತ್ತಾರೆ. "ಒಂದೆರಡು ತಿಂಗಳು ಸಾಲಿ ಬಿಟ್ರ ಏನ್ ಆಗ್ತದರಿ? ಆಮ್ಯಾಲ ಕಲಿತಾಳ ಬಿಡ್ರಿ" ಅನ್ನುವ ಮಾತು ಸಾಮಾನ್ಯ. ಆ ಒಂದೆರಡು ತಿಂಗಳಲ್ಲಿ ಕ್ಲಾಸಿನಲ್ಲಿ ಏನು ನಡೆಯುತ್ತೆ ಅಂತ ಗೊತ್ತಾದರೆ ನಿಮಗೇ ಉತ್ತರ ಸಿಗುತ್ತದೆ. ಈ ವಾರ ಅದನ್ನೇ ನೋಡೋಣ.

ಮೂರನೇ ಕ್ಲಾಸನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಡೆಯುವುದು 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹರಡಿದ ಪದ್ಧತಿ ಇದು. ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂಡುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು, ಕೈಯಲ್ಲಿ ಕಾರ್ಡು. ಒಂದು ತಟ್ಟೆಯಲ್ಲಿ ಟೀಚರ್ ಸಹಾಯ ಮಾಡುತ್ತಾರೆ, ಇನ್ನೊಂದರಲ್ಲಿ ಗೆಳೆಯರು, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಜ್ವರ ಬಂದು ಹದಿನೈದು ದಿನ ಬಿಟ್ಟ ಮಗು ತಿರುಗಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ಆದರೆ ನಾಲ್ಕನೇ ಕ್ಲಾಸಿಗೆ ಈ ಏಣಿ ಇರುವುದಿಲ್ಲ. ಅಲ್ಲಿ ಪುಸ್ತಕ, ಪಾಠ, ಪ್ರಶ್ನೋತ್ತರ. ಪಾಠ ಮುಂದೆ ಹೋಗುತ್ತಲೇ ಇರುತ್ತದೆ, ಹಿಂದೆ ಉಳಿದ ಮಗುವಿಗಾಗಿ ನಿಲ್ಲುವುದು ಕಷ್ಟ. ಮೂರನೇ ಕ್ಲಾಸಿನವರೆಗೆ ಮಗು ಓದುವುದನ್ನು ಕಲಿಯುತ್ತದೆ, ನಾಲ್ಕರಿಂದ ಓದಿ ಕಲಿಯಬೇಕಾಗುತ್ತದೆ. ಅದಕ್ಕೇ ಬೇಸಿಗೆ ರಜೆವರೆಗಿನ ಈ ಆರು ತಿಂಗಳು ತುಂಬಾ ದೊಡ್ಡದು.

ಕನ್ನಡದಲ್ಲಿ ಏನು? ಕಾಗುಣಿತ ಹಿಂದೆಯೇ ಆಗಿರಬೇಕು. ಈಗ ಒತ್ತಕ್ಷರ ಕೈಗೆ ಹತ್ತಬೇಕು. 'ಹತಿ' ಅಂತ ಬರೆಯುವ ಮಗು 'ಹತ್ತಿ' ಅಂತ ಬರೆಯಬೇಕು, 'ಅಕ' ಹೋಗಿ 'ಅಕ್ಕ' ಆಗಬೇಕು. ಅಕ್ಷರ ಅಕ್ಷರ ಕೂಡಿಸಿ ಓದುವುದು ಬಿಟ್ಟು ಸಾಲನ್ನು ಸಲೀಸಾಗಿ ಓದಬೇಕು. ಓದಿದ ಸಣ್ಣ ಕಥೆಯನ್ನು ತನ್ನ ಮಾತಿನಲ್ಲಿ ಹೇಳಬೇಕು, ನಾಲ್ಕೈದು ವಾಕ್ಯ ನೋಡದೆ ಬರೆಯಬೇಕು. ಮನೆಯಲ್ಲಿ ನಮ್ಮ ಕಡೆಯ ಮಾತು, ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಕ್ಕಳಿಗೆ ಪುಸ್ತಕದ ಕನ್ನಡ ಸ್ವಲ್ಪ ನಿಧಾನ. ಅದು ದಡ್ಡತನ ಅಲ್ಲ, ಗದರಬೇಡಿ. ಅಂಥ ಮಗುವಿಗೆ ದಿನಾ ಶಾಲೆಗೆ ಹೋಗುವುದೇ ಅರ್ಧ ಪಾಠ.

ಲೆಕ್ಕದಲ್ಲಿ ಏನು? ಕೇಂದ್ರ ಸರ್ಕಾರ 2021ರಲ್ಲಿ ತಂದ 'ನಿಪುಣ್ ಭಾರತ್' ಕಾರ್ಯಕ್ರಮದ ಗುರಿಯಂತೆ ಮೂರನೇ ಕ್ಲಾಸು ಮುಗಿಸುವ ಮಗು 9999ರವರೆಗಿನ ಸಂಖ್ಯೆ ಓದಿ ಬರೆಯಬೇಕು, ಸರಳ ಗುಣಾಕಾರ ಮಾಡಬೇಕು. ಕೂಡುವುದು, ದಶಕ ತಗೊಂಡು ಕಳೆಯುವುದು, ಮಗ್ಗಿ, ಸಮನಾಗಿ ಹಂಚುವುದು, ತೂಕ, ಅಳತೆ, ಗಡಿಯಾರ, ದುಡ್ಡಿನ ಲೆಕ್ಕ ಇವೆಲ್ಲ ಇದರ ಜೊತೆಗೆ ಬರುತ್ತವೆ. ಇದು ಬರೀ ಪರೀಕ್ಷೆಯ ಮಾತಲ್ಲ. ಹತ್ತಿ ಬಿಡಿಸಿದ್ದಕ್ಕೆ ಕೆಜಿಗೆ 10 ರೂಪಾಯಿ ಅಂತ ಇಟ್ಟುಕೊಳ್ಳಿ. ನೀವು 34 ಕೆಜಿ ಬಿಡಿಸಿದಿರಿ, ಮೊದಲೇ 150 ರೂಪಾಯಿ ಮುಂಗಡ ತಗೊಂಡಿದ್ದಿರಿ. ಕೈಗೆ ಬರಬೇಕಾದ್ದು 190. ಮೂರನೇ ಕ್ಲಾಸು ಸರಿಯಾಗಿ ಮುಗಿಸಿದ ಮಗಳು ಈ ಲೆಕ್ಕ ಮಾಡಬಲ್ಲಳು. ಅರ್ಧಕ್ಕೆ ಬಿಟ್ಟ ಮಗಳು ನಾಳೆ ಮತ್ತೊಬ್ಬರು ಹೇಳಿದ ಲೆಕ್ಕಕ್ಕೆ ತಲೆಯಾಡಿಸಬೇಕಾಗುತ್ತದೆ.

ಪರಿಸರ ಅಧ್ಯಯನದಲ್ಲಿ ಏನು? ನೀರು, ಆಹಾರ, ಗಿಡ-ಪ್ರಾಣಿ, ಮನೆ-ಕುಟುಂಬ, ಸಂಚಾರ, ನಮ್ಮ ಊರು. ಇದಕ್ಕೆ ನಾರಾಯಣಪುರದ ಮಕ್ಕಳಷ್ಟು ಅದೃಷ್ಟವಂತರು ಯಾರು? ಕೃಷ್ಣಾ ನದಿಗೆ ಕಟ್ಟಿ 1982ರಲ್ಲಿ ಮುಗಿಸಿದ ಬಸವಸಾಗರ ಅಣೆಕಟ್ಟು ಊರಲ್ಲೇ ಇದೆ. ಇಲ್ಲಿನ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಕೊಡುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ಕಾಲುವೆ ಬರುವ ಮುಂಚೆ ನಮ್ಮಜ್ಜಿ ಏನು ಬೆಳೀತಿದ್ದಳು ಅಂತ ಮಗು ಕೇಳಿದರೆ ಬೇಸರಪಡದೆ ಹೇಳಿ. ನೀವು ಶಾಲೆ ಕಲಿಯದಿದ್ದರೂ ಈ ವಿಷಯಕ್ಕೆ ನೀವೇ ಮಾಸ್ತರು.

'ನಮಗೇ ಅಕ್ಷರ ಬರಲ್ಲ, ಮಗು ಕಲಿತಿದೆಯೋ ಇಲ್ಲವೋ ಹೆಂಗ ತಿಳೀಬೇಕು?' ಅನ್ನುವ ತಾಯಂದಿರ ಪ್ರಶ್ನೆ ನ್ಯಾಯವಾದದ್ದೇ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 41.38 ಮಾತ್ರ ಇತ್ತು, ರಾಜ್ಯದ್ದು ಶೇ 68.08. ಅಂದರೆ ಇವತ್ತಿನ ಎಷ್ಟೋ ತಾಯಂದಿರು, ಅಜ್ಜಿಯರು ಶಾಲೆಯಿಂದ ದೂರವೇ ಉಳಿದವರು. ಆದರೂ ಪರೀಕ್ಷೆ ಮಾಡಬಹುದು:

* ಕಿರಾಣಿ ಸಾಮಾನು ಸುತ್ತಿ ಬಂದ ಪೇಪರು, ಬಸ್ಸಿನ ಬೋರ್ಡು, ರೇಷನ್ ಕಾರ್ಡು ಕೊಟ್ಟು ಓದಿಸಿ. ತಡವರಿಸದೆ ಓದಿದರೆ ಸರಿ. ಗೊತ್ತಿದ್ದ ಪಾಠವನ್ನೇ ಗಿಣಿಯಂತೆ ಒಪ್ಪಿಸಿದರೆ ಅದು ಓದಲ್ಲ.

* ಓದಿದ್ದರ ಅರ್ಥ ನಿಮಗೆ ಹೇಳಲಿ. ಹೇಳಲು ಬಾರದಿದ್ದರೆ ಇನ್ನೂ ಸಮಯ ಬೇಕು ಅಂತ ಲೆಕ್ಕ.

* ಸಂತೆಯಲ್ಲಿ ಚಿಲ್ಲರೆ ಲೆಕ್ಕ ಮಗುವಿನಿಂದಲೇ ಹಾಕಿಸಿ. ತಪ್ಪಿದರೆ ಎಲ್ಲರ ಮುಂದೆ ಬೈಯಬೇಡಿ.

* ತಿಂಗಳಿಗೊಮ್ಮೆ ಶಾಲೆಗೆ ಹೋಗಿ, 'ನಮ್ಮ ಮಗು ಏಣಿಯಲ್ಲಿ ಎಲ್ಲಿದೆ, ತೋರಿಸಿ' ಅಂತ ಕೇಳಿ. ಟೀಚರ್ ಕಾರ್ಡು ತೋರಿಸುತ್ತಾರೆ. ಇದು ನಿಮ್ಮ ಹಕ್ಕು.

ಇನ್ನು ಕೂಲಿಯ ಮಾತು. ಹಸಿವಿದ್ದ ಮನೆಗೆ ಬುದ್ಧಿವಾದ ಹೇಳುವುದು ಸುಲಭ, ಅದು ನಮ್ಮ ಉದ್ದೇಶವಲ್ಲ. ಆದರೆ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಅಪರಾಧ ಎಂಬುದು ಗೊತ್ತಿರಲಿ. ಸ್ವಂತ ಮನೆಯವರಿಗೆ ಶಾಲೆ ಬಿಟ್ಟ ಮೇಲೆ ನೆರವಾಗುವುದಕ್ಕೆ ಮಾತ್ರ ಅವಕಾಶ. ಎಷ್ಟೋ ಹೆಣ್ಣುಮಕ್ಕಳು ಹತ್ತಿ ಬಿಡಿಸುವುದಕ್ಕಲ್ಲ, ಕೂಸು ನೋಡಿಕೊಳ್ಳುವುದಕ್ಕೆ ಮನೆಯಲ್ಲಿ ಉಳಿಯುತ್ತಾರೆ. ಮೂರು ವರ್ಷ ತುಂಬಿದ್ದರೆ ಅಂಗನವಾಡಿಗೆ ಕಳಿಸಿ. ಅದಕ್ಕಿಂತ ಚಿಕ್ಕ ಕೂಸಾದರೆ, ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯಾ ಅಂತ ವಿಚಾರಿಸಿ. ಶಾಲೆಗೆ ಹೋದ ಮಗುವಿನ ಮಧ್ಯಾಹ್ನದ ಊಟದ ಚಿಂತೆಯೂ ಇಲ್ಲ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗ ಜಿಲ್ಲೆಯೂ ಒಂದು. ಆಗ ಯಾದಗಿರಿ ಅದರೊಳಗೇ ಇತ್ತು.

ಗುಳೆ ಹೋಗುವುದು ತಪ್ಪದಿದ್ದರೆ ಅಜ್ಜಿ, ಚಿಕ್ಕಮ್ಮನ ಹತ್ತಿರ ಮಗುವನ್ನು ಬಿಟ್ಟು ಹೋಗಲು ಸಾಧ್ಯವಾ ನೋಡಿ. ಋತುಮಾನದ ಹಾಸ್ಟೆಲ್ ಹತ್ತಿರದಲ್ಲಿ ನಡೆಯುತ್ತಾ ಅಂತ ಮುಖ್ಯಗುರುಗಳನ್ನು ಹೊರಡುವ ಮುಂಚೆಯೇ ಕೇಳಿ. ಜೊತೆಗೇ ಕರೆದುಕೊಂಡು ಹೋಗುವುದಾದರೆ ಹೋದ ಊರಿನ ಸರ್ಕಾರಿ ಶಾಲೆಗೆ ಸೇರಿಸಿ. ಟಿ.ಸಿ. ತಡವಾಯಿತು, ವರ್ಷದ ನಡುವೆ ಬಂದಿರಿ ಅಂತ ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಸೇರಿಸಿಕೊಳ್ಳದೆ ಇರುವಂತಿಲ್ಲ.

ಕೊನೆಗೆ ಶಾಲೆಯವರಿಗೂ ಒಂದು ಮಾತು. ಎರಡನೇ ಅವಧಿಯಲ್ಲಿ ಏನು ಕಲಿಸುತ್ತೀರಿ ಅನ್ನುವುದನ್ನು ಎಸ್‌ಡಿಎಂಸಿ ಸಭೆಯಲ್ಲಿ ತಾಯಂದಿರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಕೂಲಿಯವರು ಹೊಲದಿಂದ ಬಂದ ಮೇಲೆ, ಸಂಜೆ ಹೊತ್ತು ಸಭೆ ಕರೆಯಿರಿ. ಹೋಗಿ ಅಂತ ಕಳಿಸುವ ತಾಯಿಗೆ, ಯಾತಕ್ಕೆ ಕಳಿಸುತ್ತಿದ್ದೇನೆ ಅಂತ ಗೊತ್ತಿರಬೇಕಲ್ಲವೇ?

ತಾಯಂದಿರೇ, ಒಂದು ಕ್ಯಾಲೆಂಡರ್ ತಗೊಳ್ಳಿ. ಮಗು ಶಾಲೆಗೆ ಹೋದ ದಿನಕ್ಕೆ ಒಂದು ಗೀಟು ಎಳೆಯಿರಿ. ಗೀಟು ಎಳೆಯಲು ಅಕ್ಷರ ಬೇಕಿಲ್ಲ. ಏಪ್ರಿಲ್‌ನಲ್ಲಿ ಆ ಗೀಟುಗಳನ್ನು ಮಗುವಿನಿಂದಲೇ ಎಣಿಸಿ. ಅದೇ ಈ ಅವಧಿಯ ಕೊನೆಯ ಲೆಕ್ಕವಾಗಲಿ.